ಮಕ್ಕಳ ಜೊತೆ ಪ್ರವಾಸದ ಪುಸ್ತಕ ಮಾಡುವುದು: ಹೊರಡುವ ಹಿಂದಿನ ವಾರದಿಂದ ಕಪಾಟು ಸೇರುವ ತನಕ

ಬಾದಾಮಿಯ ಮೊದಲನೇ ಗುಹೆಯ ಪಕ್ಕದ ಬಂಡೆಯಲ್ಲಿ ಹದಿನೆಂಟು ಕೈಗಳ ನಟರಾಜ ಇದ್ದಾನೆ. ದಸರಾ ರಜೆಯಲ್ಲಿ ಹೋಗಿದ್ದೆವು. ಮಕ್ಕಳನ್ನು ಮುಂದೆ ನಿಲ್ಲಿಸಿ, ಒಂದೊಂದೇ ಕೈ ಎಣಿಸಿ, ಫೋಟೊ ತೆಗೆದುಕೊಂಡು ಬಂದೆವು. ಸಂಜೆ ರೂಮಿಗೆ ಬಂದ ಮೇಲೆ ಐದು ವರ್ಷದ ಮಗನ ಮುಂದೆ ಪುಸ್ತಕ ಇಟ್ಟು "ಇವತ್ತು ಏನು ನೋಡಿದೆಯೋ ಬಿಡಿಸು ಪುಟ್ಟ" ಅಂದೆ. ಅವನು ಒಂದು ಕೋತಿ ಬಿಡಿಸಿದ. ಕೋತಿಯ ಕೈಯಲ್ಲಿ ಒಂದು ಪೊಟ್ಟಣ. ಏನಪ್ಪಾ ಇದು ಅಂದರೆ, "ಅಜ್ಜಿ ಕೈಲಿದ್ದ ಕಡ್ಲೆಕಾಯಿನ ಕೋತಿ ಕಿತ್ಕೊಂಡ್ ಹೋಯ್ತು. ಅಜ್ಜಿ ಬೈಲಿಲ್ಲ, ನಕ್ರು" ಅಂದ. ಅವನು ಹೇಳಿದ ಹಾಗೇ ಚಿತ್ರದ ಕೆಳಗೆ ಬರೆದೆ.

ಈಗಲೂ ಮನೆಗೆ ಯಾರಾದರೂ ಬಂದರೆ ಮಕ್ಕಳು ಮೊದಲು ತೆರೆದು ತೋರಿಸುವುದು ಆ ಪುಟವನ್ನೇ.

ಅದಕ್ಕೆ ಮುಂಚೆ ಒಂದು ಪುಸ್ತಕ ಮಾಡಿದ್ದೆ. ಮಡಿಕೇರಿಗೆ ಹೋಗಿ ಬಂದ ಮೇಲೆ, ಮಕ್ಕಳು ಮಲಗಿದ ಹೊತ್ತಿನಲ್ಲಿ ಒಬ್ಬಳೇ ಕೂತು, ಫೋಟೊಗಳನ್ನು ನೇರವಾಗಿ ಅಂಟಿಸಿ, ದುಂಡು ಅಕ್ಷರದಲ್ಲಿ ಬರೆದು, ಬಾರ್ಡರ್ ಹಾಕಿದ್ದೆ. ತುಂಬಾ ಅಂದವಾಗಿತ್ತು. ಮಕ್ಕಳು ಒಂದು ಸಲ ತಿರುವಿ ಹಾಕಿ ಇಟ್ಟುಬಿಟ್ಟರು, ಮತ್ತೆ ಮುಟ್ಟಲಿಲ್ಲ. ಅದರಲ್ಲಿ ಅವರ ಮುಖ ಇತ್ತು, ಅವರ ಕೈಕೆಲಸ ಇರಲಿಲ್ಲ. ಅದಾದ ಮೇಲೆ ಎರಡು ವಿಷಯ ಗಟ್ಟಿ ಮಾಡಿಕೊಂಡೆ. ಒಂದು, ಪುಸ್ತಕದ ಅರ್ಧ ಕೆಲಸ ಪ್ರವಾಸದಲ್ಲೇ ಆಗಬೇಕು, ಮನೆಗೆ ಬಂದ ಮೇಲಲ್ಲ. ಇನ್ನೊಂದು, ಮಗು ಹೇಳಿದ್ದನ್ನು ತಿದ್ದಬಾರದು. ಕೆಳಗೆ ಹೇಳಿರುವುದೆಲ್ಲ ಈ ಎರಡರ ಸುತ್ತವೇ ಇದೆ. ಉದಾಹರಣೆಗೆ ನಮ್ಮ ಹಂಪಿ, ಬಾದಾಮಿ, ಪಟ್ಟದಕಲ್ಲು, ಐಹೊಳೆಯ ಐದು ದಿನದ ಪ್ರವಾಸವನ್ನೇ ಇಟ್ಟುಕೊಂಡಿದ್ದೇನೆ. ನೀವು ಧರ್ಮಸ್ಥಳಕ್ಕೆ ಹೋಗಿ, ಗೋಕರ್ಣಕ್ಕೆ ಹೋಗಿ, ಅಜ್ಜಿ ಮನೆಗೇ ಹೋಗಿ, ಕೆಲಸ ಒಂದೇ.

ಪುಸ್ತಕ ಯಾವುದು?

ಸ್ಟೇಷನರಿ ಅಂಗಡಿಯಲ್ಲಿ ಸ್ಕ್ರ್ಯಾಪ್ ಬುಕ್ ಅಂತ ಕೇಳಿದರೆ ಬಣ್ಣಬಣ್ಣದ ತೆಳು ಹಾಳೆಯ ಪುಸ್ತಕ ಕೊಡುತ್ತಾರೆ. ಶಾಲೆಯ ಪ್ರಾಜೆಕ್ಟಿಗೆ ಅದು ಸಾಕು. ಪ್ರವಾಸದ ಪುಸ್ತಕಕ್ಕೆ ಬೇಡ. ಗೋಂದು ಹಚ್ಚಿದ ಕೂಡಲೇ ಹಾಳೆ ಸುಕ್ಕಾಗುತ್ತದೆ, ಎರಡು ಫೋಟೊ ಅಂಟಿಸಿದರೆ ಜೋತುಬೀಳುತ್ತದೆ. ಎ4 ಅಳತೆಯ, ದಪ್ಪ ಬಿಳಿ ಹಾಳೆಯ, ಸ್ಪೈರಲ್ ಹಾಕಿದ ಡ್ರಾಯಿಂಗ್ ಪುಸ್ತಕ ತೆಗೆದುಕೊಳ್ಳಿ. ರಟ್ಟಿನ ಮೇಲೆ ಜಿಎಸ್‌ಎಂ ಅಂತ ಬರೆದಿರುತ್ತದೆ, ಹಾಳೆ ಎಷ್ಟು ದಪ್ಪ ಅನ್ನುವುದಕ್ಕೆ ಅದು ಗುರುತು. 150ಕ್ಕಿಂತ ಜಾಸ್ತಿ ಇದ್ದರೆ ಒಳ್ಳೆಯದು. 'ಆಸಿಡ್ ಫ್ರೀ' ಅಂತ ಇದ್ದರೆ ಇನ್ನೂ ಒಳ್ಳೆಯದು, ಹಾಳೆ ಬೇಗ ಹಳದಿಯಾಗುವುದಿಲ್ಲ.

ಸ್ಪೈರಲ್ ಯಾಕೆ ಅಂದರೆ ಪುಸ್ತಕ ಉಬ್ಬುತ್ತದೆ. ಟಿಕೆಟ್, ಫೋಟೊ, ಬಟ್ಟೆಯ ಚೂರು, ಒಣಗಿದ ಎಲೆ ಎಲ್ಲ ಸೇರಿ ಹೊಲಿದ ಪುಸ್ತಕವಾದರೆ ಬಾಯಿ ತೆರೆದ ಮೊಸಳೆಯ ಹಾಗೆ ಮುಚ್ಚುವುದೇ ಇಲ್ಲ. ಸ್ಪೈರಲ್ ಇದ್ದರೆ ನಾಲ್ಕೈದು ಹಾಳೆಗೆ ಒಂದರಂತೆ ಹರಿದು ತೆಗೆದುಬಿಡಬಹುದು, ಜಾಗ ಆಗುತ್ತದೆ. ಹರಿದ ಹಾಳೆಯನ್ನು ಎಸೆಯಬೇಡಿ, ಲಕೋಟೆ ಮಾಡುವುದಕ್ಕೆ ಬೇಕಾಗುತ್ತದೆ.

ಇಬ್ಬರು ಮಕ್ಕಳಿದ್ದರೆ ಒಂದು ಪುಸ್ತಕವೋ ಎರಡೋ? ನಾನು ಒಂದೇ ಅನ್ನುತ್ತೇನೆ. ಎಡಪುಟ ಅಕ್ಕನದು, ಬಲಪುಟ ತಮ್ಮನದು. ಒಂದೇ ದಿನವನ್ನು ಇಬ್ಬರು ಹೇಗೆ ಬೇರೆಬೇರೆಯಾಗಿ ಕಂಡರು ಅನ್ನುವುದು ಪುಸ್ತಕ ತೆರೆದಾಗ ಅಕ್ಕಪಕ್ಕದಲ್ಲೇ ಕಾಣುತ್ತದೆ.

ಚೀಲ

ಒಂದು ಜಿಪ್ ಇರುವ ಪೌಚು ಸಾಕು. ಅದರಲ್ಲಿ ಹಾಕಬೇಕಾದ್ದು: ಗ್ಲೂ ಸ್ಟಿಕ್ ಒಂದು, ಮೊನೆ ದುಂಡಗಿರುವ ಮಕ್ಕಳ ಕತ್ತರಿ, 2ಬಿ ಪೆನ್ಸಿಲ್ ಎರಡು, ಕ್ರೇಯಾನ್ ಡಬ್ಬಿ, ದಿನಕ್ಕೊಂದರಂತೆ ಐದು ಖಾಲಿ ಲಕೋಟೆ. ಲಕೋಟೆಗಳ ಮೇಲೆ 'ದಿನ 1', 'ದಿನ 2' ಅಂತ ಮಕ್ಕಳಿಂದಲೇ ಮೊದಲೇ ಬರೆಸಿಡಿ. ಆ ದಿನ ಸಿಕ್ಕಿದ್ದೆಲ್ಲ ಆ ಲಕೋಟೆಗೆ. ಯಾವ ಟಿಕೆಟ್ ಯಾವ ಊರಿನದು ಅನ್ನುವ ಗೊಂದಲ ಬರುವುದಿಲ್ಲ.

ಸ್ಕೆಚ್ ಪೆನ್ ಬಿಟ್ಟು ಹೋಗಿ. ಹಾಳೆಯ ಹಿಂಬದಿಗೆ ಇಳಿಯುತ್ತದೆ, ಒಂದು ಹನಿ ನೀರು ಬಿದ್ದರೂ ಹರಡುತ್ತದೆ. ವಿಮಾನದಲ್ಲಿ ಹೋಗುವವರು ಕತ್ತರಿಯನ್ನು ಕೈಚೀಲದಲ್ಲಿ ಇಡದೆ ದೊಡ್ಡ ಲಗೇಜಿಗೆ ಹಾಕಿ.

ಹೊರಡುವ ಮುಂಚೆಯೇ ಎರಡು ಪುಟ

ಇದನ್ನು ಜಾಸ್ತಿ ಜನ ಮಾಡುವುದಿಲ್ಲ. ಮಾಡಿದರೆ ಪುಸ್ತಕದ ಮೇಲೆ ಮಕ್ಕಳಿಗೆ ಅಲ್ಲಿಂದಲೇ ಆಸೆ ಹುಟ್ಟುತ್ತದೆ.

ಮೊದಲನೇ ಪುಟದಲ್ಲಿ ದಾರಿಯ ನಕ್ಷೆ. ಅಂಗಡಿಯ ನಕ್ಷೆ ಅಂಟಿಸಬೇಡಿ, ಮಗುವೇ ಬಿಡಿಸಲಿ. ಬೆಂಗಳೂರು ಕೆಳಗೆ, ಹೊಸಪೇಟೆ ಮೇಲೆ, ಅದರ ಪಕ್ಕ ತುಂಗಭದ್ರೆ ಅಂತ ಒಂದು ನೀಲಿ ಗೀಟು, ಇನ್ನೂ ಮೇಲೆ ಎಡಕ್ಕೆ ಬಾದಾಮಿ. ಅಳತೆ ತಪ್ಪಾಗಲಿ, ಪರವಾಗಿಲ್ಲ. ರೈಲಿನ ದಾರಿಗೆ ಅಡ್ಡಪಟ್ಟಿ ಗೀಟು, ಬಸ್ಸಿನ ದಾರಿಗೆ ಚುಕ್ಕಿ. ನನ್ನ ಮಗಳು ನಕ್ಷೆಯಲ್ಲಿ ನಮ್ಮ ಮನೆಯನ್ನು ಇಡೀ ಹೊಸಪೇಟೆಗಿಂತ ದೊಡ್ಡದಾಗಿ ಬಿಡಿಸಿದ್ದಳು. ಹಾಗೇ ಇದೆ.

ಎರಡನೇ ಪುಟದಲ್ಲಿ 'ಅಲ್ಲಿ ಏನಿರಬಹುದು?' ಅಂತ ಬರೆದು, ಮಕ್ಕಳು ಊಹಿಸಿದ್ದನ್ನು ಬಿಡಿಸಲಿ. ಹಂಪಿಯ ಕಲ್ಲಿನ ರಥಕ್ಕೆ ಇದು ಬಹಳ ಚೆನ್ನಾಗಿ ಹೊಂದುತ್ತದೆ. 2017ರಲ್ಲಿ ಬಂದ ನೀಲಿ ಬಣ್ಣದ 50 ರೂಪಾಯಿ ನೋಟಿನ ಹಿಂಬದಿಯಲ್ಲಿ ಆ ರಥ ಇದೆ. ನೋಟನ್ನು ಕೈಗೆ ಕೊಟ್ಟು ನೋಡಿಕೊಂಡು ಬಿಡಿಸಲು ಹೇಳಿ. ನೋಟನ್ನೇ ಅಂಟಿಸುವುದು ಬೇಡ. ಆಮೇಲೆ ವಿಠ್ಠಲ ದೇವಸ್ಥಾನದ ಅಂಗಳದಲ್ಲಿ ನಿಜವಾದ ರಥದ ಮುಂದೆ ನಿಂತಾಗ ಅವರೇ "ನೋಟಲ್ಲಿ ಆನೆ ಇಷ್ಟು ಚಿಕ್ಕದಿತ್ತಲ್ಲಾ!" ಅಂತ ಹೋಲಿಸಿ ನೋಡುತ್ತಾರೆ. ಅಲ್ಲೇ ಇನ್ನೊಂದು ಸಲ ಬಿಡಿಸಿದರೆ ಎರಡನ್ನೂ ಎದುರುಬದುರು ಇಡಬಹುದು.

ಹೊರಡುವ ದಿನ ಮನೆ ಮುಂದಿನ ಮಣ್ಣನ್ನೂ ಒಂದು ಚಿಟಿಕೆ ತೆಗೆದಿಟ್ಟುಕೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ದಾರಿಯಲ್ಲಿ ಏನೇನು ಕೂಡಿಡಬಹುದು

ಮೊದಲು ಟಿಕೆಟ್. ಬಸ್ಸಿನಲ್ಲಿ ಮಿಷನ್‌ನಿಂದ ಬರುವ ಟಿಕೆಟ್‌ನಲ್ಲಿ ಶಾಯಿಯೇ ಇರುವುದಿಲ್ಲ. ಬಿಸಿ ತಗುಲಿದರೆ ಕಪ್ಪಾಗುವ ಲೇಪ ಹಚ್ಚಿದ ಕಾಗದ ಅದು. ಹಾಗಾಗಿ ಬಿಸಿಲು, ಗೋಂದು, ಪ್ಲಾಸ್ಟಿಕ್ ಹಾಳೆ ಯಾವುದು ತಾಗಿದರೂ ಅಕ್ಷರ ಮಾಸುತ್ತಾ ಹೋಗುತ್ತದೆ. ಉಳಿಸೋಣ ಅಂತ ಲ್ಯಾಮಿನೇಷನ್ ಮಾಡಿಸಿದರೆ ಆ ಬಿಸಿಗೆ ಇಡೀ ಟಿಕೆಟ್ ಕಪ್ಪಾಗುತ್ತದೆ. ಮಾಡಬೇಕಾದ್ದು ಇಷ್ಟೇ: ಅದೇ ದಿನ ಫೋನಿನಲ್ಲಿ ಟಿಕೆಟ್‌ನ ಫೋಟೊ ತೆಗೆಯಿರಿ, ಮನೆಗೆ ಬಂದು ಜೆರಾಕ್ಸ್ ಮಾಡಿಸಿ ಅದನ್ನು ಅಂಟಿಸಿ. ಅಸಲು ಟಿಕೆಟ್ ಅದರ ಹಿಂದೆ ಲಕೋಟೆಯಲ್ಲಿರಲಿ. ಊರು, ದರ, ಹೊತ್ತನ್ನು ಮಗು ಪೆನ್ಸಿಲ್‌ನಲ್ಲಿ ಪಕ್ಕಕ್ಕೆ ಬರೆಯಲಿ.

ನಮ್ಮ ಟಿಕೆಟ್ ಪುಟ ಒಂದು ಪಾಠವೇ ಆಯಿತು. ಹೊಸಪೇಟೆ ಡಿಪೋದ ಬಸ್ಸಿನ ಟಿಕೆಟ್ ಮೇಲೆ ಕಲ್ಯಾಣ ಕರ್ನಾಟಕ ಅಂತ, ಬಾದಾಮಿ ಡಿಪೋದ್ದರ ಮೇಲೆ ವಾಯವ್ಯ ಕರ್ನಾಟಕ ಅಂತ ಇತ್ತು. ಬೆಂಗಳೂರಿನಲ್ಲಿ ನೋಡುವ ಕೆಎಸ್‌ಆರ್‌ಟಿಸಿ ಬೇರೆಯೇ ಸಾರಿಗೆ ನಿಗಮ. ಇಷ್ಟೆಲ್ಲ ಯಾಕೆ ಅಂತ ಮಗಳು ಕೇಳಿದಳು, ರಾಜ್ಯ ಎಷ್ಟು ದೊಡ್ಡದು ಅಂತ ಅಜ್ಜಿ ನಕ್ಷೆ ಪುಟ ತೆಗೆದು ತೋರಿಸಿದರು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರಿಗೆ ಶೂನ್ಯ ದರದ ಟಿಕೆಟ್ ಕೊಡುತ್ತಾರಲ್ವಾ, ಅದನ್ನೂ ಎಸೆಯಬೇಡಿ. ಅಜ್ಜಿಯ ಸೊನ್ನೆ ಟಿಕೆಟ್, ಅಪ್ಪನ ದುಡ್ಡಿನ ಟಿಕೆಟ್ ಅಕ್ಕಪಕ್ಕ ಇವೆ ನಮ್ಮ ಪುಸ್ತಕದಲ್ಲಿ. ಇಪ್ಪತ್ತು ವರ್ಷ ಬಿಟ್ಟು ನೋಡುವವರಿಗೆ ಅದು ಈ ಕಾಲದ ಗುರುತು.

ರೈಲಿನ ಟಿಕೆಟ್ ಈಗ ಫೋನಿನಲ್ಲೇ ಇರುತ್ತದೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟೇ ಇಲ್ಲ. ಮಗನಿಗೆ "ನಂಗ್ಯಾಕೆ ಟಿಕೆಟ್ ಇಲ್ಲ" ಅಂತ ಬೇಜಾರು. ಅದಕ್ಕೆ ಟಿಕೆಟ್ ಅವನೇ ಮಾಡಿಕೊಂಡ. ಹಾಳೆಯ ಚೂರಿನ ಮೇಲೆ ಹಂಪಿ ಎಕ್ಸ್‌ಪ್ರೆಸ್ ಅಂತ ಅಕ್ಕನಿಂದ ಬರೆಸಿ, ತಾನು ಮಲಗಿದ್ದ ಮೇಲಿನ ಬರ್ತ್ ಬಿಡಿಸಿದ. ಮಕ್ಕಳು ಮಾಡಿದ ಟಿಕೆಟ್‌ಗೆ ದಿನಾಂಕ ಹಾಕಿಸುವುದನ್ನು ಮಾತ್ರ ಮರೆಯಬೇಡಿ.

ಇನ್ನು ಮಣ್ಣು. ನನಗೆ ಇಡೀ ಪುಸ್ತಕದಲ್ಲಿ ಬಹಳ ಇಷ್ಟವಾದ ಪುಟ ಇದು. ಟೀಗೆ ನಿಲ್ಲಿಸಿದ ಕಡೆ ರಸ್ತೆ ಬದಿಯಿಂದ ಒಂದು ಚಿಟಿಕೆ ಮಣ್ಣು ತೆಗೆದುಕೊಳ್ಳಿ. ಬೆರಳನ್ನು ನೀರಿಗೆ ತಾಗಿಸಿ, ಮಣ್ಣಿಗೆ ಒತ್ತಿ, ಹಾಳೆಯ ಮೇಲೆ ರೂಪಾಯಿ ಅಗಲಕ್ಕೆ ದುಂಡಗೆ ಉಜ್ಜಿ. ಒಣಗಿದ ಮೇಲೆ ಒಣ ಬಟ್ಟೆಯಿಂದ ಮೆಲ್ಲಗೆ ತಟ್ಟಿ ಪುಡಿ ಉದುರಿಸಿ. ಬಣ್ಣ ಹಾಳೆಯಲ್ಲಿ ಉಳಿಯುತ್ತದೆ. ಕೆಳಗೆ ಊರಿನ ಹೆಸರು. ನಮ್ಮ ಬೆಂಗಳೂರಿನ ಅಂಗಳದ್ದು ಕೆಂಪು. ಬಾದಾಮಿಗೆ ಹೋಗುವ ದಾರಿಯಲ್ಲಿ ಹೊಲದ ಬದುವಿನದ್ದು ಎರೆಮಣ್ಣು, ಬೂದಿ ಕಲಸಿದ ಕಪ್ಪು. ಬಾದಾಮಿಯದ್ದು ಬಂಡೆಯ ಹಾಗೇ ಕೆಂಪು ಮಿಶ್ರಿತ ಕಂದು. ಮೂರು ದುಂಡು ಬೊಟ್ಟು, ಅಷ್ಟೇ. ಭೂಗೋಳದ ಪುಸ್ತಕದಲ್ಲಿ ಓದಿದ್ದು ಬೆರಳಿಗೆ ಹತ್ತಿದ ಹಾಗಾಯಿತು ಮಗಳಿಗೆ.

ಗಾಡಿ ನಂಬರು ಬರೆಯುವ ಆಟ ಬಸ್ಸಿನಲ್ಲಿ ಕೂತು ಬೇಜಾರಾದ ಮಕ್ಕಳಿಗೆ ಒಳ್ಳೆಯದು. ಕೆಎ 35 ಹೊಸಪೇಟೆ, 37 ಕೊಪ್ಪಳ, 26 ಗದಗ, 29 ಬಾಗಲಕೋಟೆ. ಹೊಸ ನಂಬರು ಕಂಡ ಕೂಡಲೇ ಒಂದು ಗೀಟು. ಯಾವ ನಂಬರು ಎಲ್ಲಿ ಜಾಸ್ತಿಯಾಗುತ್ತದೆ ಅಂತ ನೋಡಿದರೆ ಜಿಲ್ಲೆ ದಾಟಿದ್ದು ಅವರಿಗೇ ಗೊತ್ತಾಗುತ್ತದೆ.

ಮಾತನ್ನೂ ಕೂಡಿಡಿ. ನಮ್ಮ ಮನೆಯ ಕಡ್ಲೆಕಾಯಿ ಅಲ್ಲಿ ಶೇಂಗಾ. ಈರುಳ್ಳಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಳ್ಳೊಳ್ಳಿ, ಕ್ಯಾರೆಟ್ ಗಜ್ಜರಿ. ಶುಂಠಿಗೆ ಅಲ್ಲ ಅನ್ನುತ್ತಾರೆ ಅಂತ ಗೊತ್ತಾದಾಗ ಮಗಳು "ಅದು ಶುಂಠಿನಾ ಅಲ್ವಾ?" ಅಂತ ಮತ್ತೆಮತ್ತೆ ಕೇಳಿ ನಕ್ಕಳು. ಒಂದು ಪುಟದಲ್ಲಿ 'ನಮ್ಮ ಕಡೆ', 'ಇಲ್ಲಿ' ಅಂತ ಎರಡು ಸಾಲು ಮಾಡಿ ಬರೆಸಿ. ಊಟ ಬಡಿಸುವವರನ್ನು, ಬಸ್ಸಿನಲ್ಲಿ ಪಕ್ಕ ಕೂತವರನ್ನು ಕೇಳಲಿ. ಹೊರದೇಶದಿಂದ ರಜೆಗೆ ಬಂದ ಮಕ್ಕಳಿಗಂತೂ ಈ ಪುಟ ಮಾಡಿಸಲೇಬೇಕು. ಕನ್ನಡ ಅಕ್ಷರ ಬರೆಯುವುದಕ್ಕೆ ಅವರಿಗೆ ಒಂದು ನಿಜವಾದ ಕಾರಣ ಸಿಗುತ್ತದೆ.

ಬಾದಾಮಿಯ ಹತ್ತಿರವೇ ಗುಳೇದಗುಡ್ಡ, ಖಣಕ್ಕೆ ಹೆಸರಾದ ಊರು. ಅಜ್ಜಿ ಕುಪ್ಪಸಕ್ಕೆ ಅಂತ ಒಂದು ಖಣ ಕೊಂಡರು. ಹೊಲಿಸಿದ ಮೇಲೆ ಉಳಿದ ಚೂರು ಪುಸ್ತಕಕ್ಕೆ ಬಂತು. ಅಂಚು ಬಿಚ್ಚಿಕೊಳ್ಳದಂತೆ ಅಂಕುಡೊಂಕಾಗಿ ಕತ್ತರಿಸಿ, ನಾಲ್ಕು ಮೂಲೆಗೆ ಸೂಜಿದಾರದಲ್ಲಿ ಒಂದೊಂದು ಹೊಲಿಗೆ ಹಾಕಿದರೆ ಗೋಂದಿಗಿಂತ ಗಟ್ಟಿ.

ಅಂಚೆ ಕಚೇರಿ ಕಂಡರೆ ಒಂದು ಪೋಸ್ಟ್ ಕಾರ್ಡ್ ಕೊಂಡು, ಮಕ್ಕಳು ತಮಗೆ ತಾವೇ ಕಾಗದ ಬರೆದು ಮನೆ ವಿಳಾಸಕ್ಕೆ ಹಾಕಲಿ. ನಾವು ಮನೆಗೆ ಬಂದು ಎರಡು ದಿನದ ಮೇಲೆ ನಮ್ಮದು ಬಂತು, ಬಾದಾಮಿಯ ಮುದ್ರೆ ಒತ್ತಿಸಿಕೊಂಡು.

ತರಬಾರದ್ದೂ ಇದೆ, ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಸ್ಮಾರಕದ ಆವರಣದಿಂದ ಒಂದು ಚೂರು ಕಲ್ಲನ್ನೂ ತರಬಾರದು, ಅಲ್ಲಿಯ ಮಣ್ಣನ್ನೂ ಬೇಡ. ಶಿಲ್ಪದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬಾರದು. ಆ ಆಟ ಆಡಬೇಕು ಅಂದರೆ ರೂಪಾಯಿ ನಾಣ್ಯದ ಮೇಲೆ ಆಡಲಿ. ಬಂಡೀಪುರ, ನಾಗರಹೊಳೆಯಂಥ ಕಾಡಿಗೆ ಹೋದರೆ ಗರಿ, ಎಲೆ, ಕೊಂಬೆ ಯಾವುದನ್ನೂ ತರುವ ಹಾಗಿಲ್ಲ. ನೋಡಿ, ಬಿಡಿಸಿಕೊಂಡು ಬರಬೇಕು.

ಸಂಜೆಯ ಇಪ್ಪತ್ತು ನಿಮಿಷ

ಎಲ್ಲ ನಿಂತಿರುವುದು ಇದರ ಮೇಲೆ. ಊಟಕ್ಕೆ ಮುಂಚೆ, ಕೈಕಾಲು ತೊಳೆದ ಮೇಲೆ, ಇಪ್ಪತ್ತು ನಿಮಿಷ. ಊಟ ಆದ ಮೇಲೆ ಅಂದುಕೊಂಡರೆ ಮುಗಿಯಿತು, ಮಕ್ಕಳು ನಿದ್ದೆಗೆ ಜಾರುತ್ತಾರೆ. ಫೋನು, ಟಿವಿ ಆರಿಸಿ, ಹಾಸಿಗೆ ಮೇಲೆ ಪೇಪರ್ ಹಾಸಿ ಕೂರಿ. ಆ ಹೊತ್ತಿಗೆ ಫೋಟೊ ನೋಡಬೇಡಿ. ಫೋಟೊ ನೋಡಿದರೆ ಮಗು ಫೋಟೊದಲ್ಲಿರುವುದನ್ನು ಹೇಳುತ್ತದೆ, ಕಂಡದ್ದನ್ನಲ್ಲ.

"ಇವತ್ತು ಮಜಾ ಬಂತಾ?" ಅಂತ ಕೇಳಿದರೆ "ಹೂಂ" ಅಂತ ಉತ್ತರ ಬರುತ್ತದೆ, ಅಷ್ಟೇ. ಬೇರೆ ಥರ ಕೇಳಿ. ಇವತ್ತು ಏನು ವಾಸನೆ ಬಂತು? ಯಾರು ನಕ್ಕರು? ಯಾವುದು ಬಿಸಿಯಾಗಿತ್ತು? ಯಾವಾಗ ಭಯ ಆಯ್ತು? ಯಾವುದು ನಿನಗಿಂತ ದೊಡ್ಡದಿತ್ತು? "ಯಾವುದು ಬಿಸಿಯಾಗಿತ್ತು" ಅಂತ ಕೇಳಿದ್ದಕ್ಕೆ ಮಗಳು, ಹಂಪಿಯ ಬಂಡೆಯ ಮೇಲೆ ಚಪ್ಪಲಿ ಬಿಟ್ಟು ಓಡಿದ್ದನ್ನು ಅರ್ಧ ಪುಟ ಬರೆದಳು.

ಬರೆಯಲು ಬರದ ಮಗುವಿಗೆ ನೀವು ಬರೆದುಕೊಡಿ. ಮಗು ಹೇಳುತ್ತಾ ಹೋಗಲಿ, ನೀವು ಅಕ್ಷರಕ್ಕೆ ಅಕ್ಷರ ಇಳಿಸಿ. "ತಗೊಂಡೋಯ್ತು" ಅಂದರೆ "ತಗೊಂಡೋಯ್ತು" ಅಂತಲೇ. "ತೆಗೆದುಕೊಂಡು ಹೋಯಿತು" ಅಂತ ತಿದ್ದಿದರೆ ಐದು ವರ್ಷದ ಹುಡುಗ ಆ ಪುಟದಿಂದ ಎದ್ದು ಹೋಗುತ್ತಾನೆ. ಮಗ ಐಹೊಳೆಯನ್ನು 'ಐವಳೆ' ಅಂದ, ಹಾಗೇ ಬರೆದೆ. ಬರೆದಾದ ಮೇಲೆ ಒಂದು ಸಲ ಓದಿ ಹೇಳಿ. "ಹಂಗಲ್ಲ ಅಮ್ಮ" ಅಂದರೆ ಅವನು ಹೇಳಿದ ಹಾಗೆ ಬದಲಾಯಿಸಿ.

ನಾಲ್ಕು ವರ್ಷಕ್ಕಿಂತ ಚಿಕ್ಕವರಿಗೆ ಬೆರಳಿನ ಗುರುತು, ಗೀಚು, ತಿಂದ ಬಿಸ್ಕತ್ತಿನ ಕವರು ಸಾಕು. ಎಂಟು ಒಂಬತ್ತು ದಾಟಿದವರು ತಾವೇ ಬರೆಯುತ್ತಾರೆ. ಕಾಗುಣಿತ ತಪ್ಪಿದರೆ ಕೆಂಪು ಪೆನ್ನು ಎತ್ತಬೇಡಿ, ಇದು ಹೋಂವರ್ಕ್ ಅಲ್ಲ. ಹದಿಮೂರು ಹದಿನಾಲ್ಕರವರಿಗೆ ಅಂಟಿಸುವ ಕೆಲಸ ಚಿಕ್ಕಮಕ್ಕಳದ್ದು ಅನ್ನಿಸುತ್ತದೆ. ಅವರಿಗೆ ಫೋಟೊ ತೆಗೆಯುವ ಹೊಣೆ ಕೊಡಿ, ಇಲ್ಲವಾದರೆ ದಿನದ ಖರ್ಚಿನ ಲೆಕ್ಕದ ಪುಟ ಕೊಡಿ. ಎಳನೀರು ಎಷ್ಟು, ಆಟೋ ಎಷ್ಟು, ರೂಮು ಎಷ್ಟು. ಮುಂದೆ ಎಲ್ಲರೂ ಬೆರಗಾಗಿ ಓದುವ ಪುಟ ಅದೇ ಆಗುತ್ತದೆ.

ಅಜ್ಜಿ, ತಾತ ಜೊತೆಗಿದ್ದರೆ ಅವರಿಗೂ ಒಂದು ಪುಟ. ಅವರ ಕೈಬರಹದಲ್ಲೇ ಇರಲಿ. ನಮ್ಮ ಅಜ್ಜಿ ಮದುವೆಯಾದ ಹೊಸದರಲ್ಲಿ ಹಂಪಿಗೆ ಬಂದಿದ್ದರಂತೆ. ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಿದ್ದು, ಬುತ್ತಿಗೆ ತಂದ ಅವಲಕ್ಕಿಗೆ ನೀರು ಬಿದ್ದದ್ದು, ಎಲ್ಲವನ್ನೂ ಆರು ಸಾಲಿನಲ್ಲಿ ಬರೆದುಕೊಟ್ಟರು. ನನಗೂ ಅದು ಗೊತ್ತಿರಲಿಲ್ಲ.

ಒಂದು ದಿನ ಮಕ್ಕಳು ಒಲ್ಲೆ ಅಂದರೆ ಬಿಟ್ಟುಬಿಡಿ. ಪಟ್ಟದಕಲ್ಲಿನಿಂದ ಬಂದ ಸಂಜೆ ಇಬ್ಬರೂ ಸುಸ್ತಾಗಿ ಜಗಳ ಆಡಿಕೊಂಡಿದ್ದರು. ಆ ದಿನದ ಪುಟದಲ್ಲಿ ಇರುವುದು ಇಷ್ಟೇ: "ಇವತ್ತು ನಾವು ಮಾತಾಡಲ್ಲ." ಅದೂ ಪ್ರವಾಸದ್ದೇ ತಾನೇ.

ಮಾಡಿ ನೋಡಬೇಕಾದ ಕೆಲವು ಪುಟಗಳು

*ತಲೆಕೆಳಗಿನ ಪುಟ.* ಹಂಪಿಯ ವಿರೂಪಾಕ್ಷ ದೇವಸ್ಥಾನದ ಹಿಂಭಾಗದಲ್ಲಿ ಒಂದು ಕತ್ತಲೆ ಜಾಗ ಇದೆ. ಗೋಡೆಯ ಸಣ್ಣ ಕಿಂಡಿಯಿಂದ ಬರುವ ಬೆಳಕು ಎದುರು ಗೋಡೆಯ ಮೇಲೆ ರಾಜಗೋಪುರದ ನೆರಳನ್ನು ತಲೆಕೆಳಗಾಗಿ ಮೂಡಿಸುತ್ತದೆ. ಬೆಳಕು ನೇರವಾಗಿ ಸಾಗುವುದರಿಂದ ಗೋಪುರದ ತುದಿಯಿಂದ ಬಂದದ್ದು ಕಿಂಡಿ ದಾಟಿ ಕೆಳಗೆ ಬೀಳುತ್ತದೆ, ಬುಡದಿಂದ ಬಂದದ್ದು ಮೇಲೆ. ಮಕ್ಕಳು ಗೋಪುರವನ್ನು ತಲೆಕೆಳಗಾಗಿಯೇ ಬಿಡಿಸಲಿ. ನೋಡುವವರು ಪುಸ್ತಕ ತಿರುಗಿಸಬೇಕು. ಮನೆಗೆ ಬಂದ ಮೇಲೆ ಶೂ ಡಬ್ಬಿಯಲ್ಲಿ ಅದನ್ನೇ ಮಾಡಬಹುದು. ಡಬ್ಬಿಯ ಒಂದು ತುದಿಗೆ ಕಿಟಕಿ ಕತ್ತರಿಸಿ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿ ಗುಂಡುಸೂಜಿಯಿಂದ ಒಂದು ತೂತು, ಎದುರು ತುದಿಯ ಕಿಟಕಿಗೆ ಬಟರ್ ಪೇಪರ್. ಕತ್ತಲೆ ಕೋಣೆಯಲ್ಲಿ ತೂತನ್ನು ಉರಿಯುವ ಮೇಣದಬತ್ತಿಯ ಕಡೆ ಹಿಡಿದರೆ ಬಟರ್ ಪೇಪರ್ ಮೇಲೆ ಜ್ವಾಲೆ ತಲೆಕೆಳಗಾಗಿ ಕಾಣುತ್ತದೆ. ದೊಡ್ಡವರು ಪಕ್ಕದಲ್ಲಿರಿ.

*ವಯಸ್ಸಿನ ಪುಟ.* ಬಾದಾಮಿಯ ಮೂರನೇ ಗುಹೆಯಲ್ಲಿ ಚಾಲುಕ್ಯ ಮನೆತನದ ಮಂಗಳೇಶನ ಶಾಸನ ಇದೆ, ಕ್ರಿ.ಶ. 578ರದ್ದು. ಹಾಳೆಯ ಮೇಲೆ ಉದ್ದಕ್ಕೆ ಗೀಟು ಎಳೆದು ನೂರು ವರ್ಷಕ್ಕೆ ಒಂದು ಸೆಂಟಿಮೀಟರ್ ಲೆಕ್ಕ ಹಾಕಿಸಿ. ಗುಹೆಗೆ ಹದಿನಾಲ್ಕು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಒಂಬತ್ತು ವರ್ಷದ ಮಗಳಿಗೆ ಒಂದು ಮಿಲಿಮೀಟರ್ ಕೂಡ ಬರಲಿಲ್ಲ. ಪೆನ್ಸಿಲ್ ಚೂಪು ಮಾಡಿಕೊಂಡು ಬಂದು ಚುಕ್ಕಿ ಇಟ್ಟಳು.

*ಇಬ್ಬರು ರಾಣಿಯರ ಪುಟ.* ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದ್ದು ಲೋಕಮಹಾದೇವಿ, ಪಕ್ಕದ ಮಲ್ಲಿಕಾರ್ಜುನ ಗುಡಿಯನ್ನು ತ್ರೈಲೋಕ್ಯಮಹಾದೇವಿ. ಚಾಲುಕ್ಯ ರಾಜ ಎರಡನೇ ವಿಕ್ರಮಾದಿತ್ಯನ ರಾಣಿಯರಾದ ಅಕ್ಕತಂಗಿಯರು ಇವರು. ರಾಜ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ಕಟ್ಟಿಸಿದ್ದು. ಇದನ್ನು ಮಕ್ಕಳಿಗೆ ಹೇಳಿ, ಎಡಪುಟದಲ್ಲಿ ಒಂದು ಗುಡಿ, ಬಲಪುಟದಲ್ಲಿ ಇನ್ನೊಂದು ಬಿಡಿಸಲು ಬಿಡಿ. ಯಾರ ಗುಡಿ ದೊಡ್ಡದು ಅನ್ನುವ ಚರ್ಚೆ ತಾನಾಗಿ ಶುರುವಾಗುತ್ತದೆ.

*ಅಕ್ಷರದ ಪುಟ.* ಬಾದಾಮಿಯ ಬಂಡೆಯಲ್ಲಿ ಕಪ್ಪೆ ಅರಭಟ್ಟ ಅನ್ನುವ ವೀರನ ಶಾಸನ ಇದೆ, ಸುಮಾರು 700ರ ಹೊತ್ತಿನದು. ಅದರ ಫೋಟೊ ಅಂಟಿಸಿ, ಕೆಳಗೆ "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಅನ್ನುವ ಅದರ ಸಾಲನ್ನು ಈಗಿನ ಅಕ್ಷರದಲ್ಲಿ ಬರೆಯಲಿ. ಎರಡು ಲಿಪಿಯನ್ನೂ ಪಕ್ಕಪಕ್ಕ ಇಟ್ಟು ಯಾವ ಅಕ್ಷರ ಎಷ್ಟು ಬದಲಾಗಿದೆ ಅಂತ ಹುಡುಕುವುದಕ್ಕೆ ದೊಡ್ಡ ಮಕ್ಕಳಿಗೆ ಒಂದು ಭಾನುವಾರ ಬೇಕು.

ಮನೆಗೆ ಬಂದ ಮೇಲೆ: ಫೋಟೊ

ಒಂದು ವಾರದೊಳಗೆ ಪ್ರಿಂಟ್ ಹಾಕಿಸಿ. ತಿಂಗಳು ಬಿಟ್ಟರೆ ಆ ಪುಟಗಳು ಖಾಲಿಯೇ ಉಳಿಯುತ್ತವೆ, ಇದು ನನ್ನ ಅನುಭವ. ಐದು ದಿನಕ್ಕೆ ಇಪ್ಪತ್ತು ಫೋಟೊ ಸಾಕು. ಮನೆಯ ಪ್ರತಿಯೊಬ್ಬರೂ ನಾಲ್ಕು ಆರಿಸಲಿ, ಒಬ್ಬರು ಆರಿಸಿದ್ದನ್ನು ಇನ್ನೊಬ್ಬರು ತೆಗೆದುಹಾಕುವ ಹಾಗಿಲ್ಲ. ಮಗ ಆರಿಸಿದ ನಾಲ್ಕರಲ್ಲಿ ಒಂದು ಬಸ್ಸಿನ ಚಕ್ರ, ಇನ್ನೊಂದು ಅವನ ಹೆಬ್ಬೆರಳು ಅಡ್ಡ ಬಂದ ಫೋಟೊ. ಎರಡೂ ಪುಸ್ತಕದಲ್ಲಿವೆ.

ಸ್ಟುಡಿಯೋದಲ್ಲಿ 4x6 ಇಂಚಿನದ್ದೇ ಎಲ್ಲಕ್ಕೂ ಬೇಡ. ಎ4 ಪುಟಕ್ಕೆ ಎರಡು ಹಾಕಿದರೆ ಬರೆಯಲು ಜಾಗ ಕಡಿಮೆಯಾಗುತ್ತದೆ. ಒಂದು 4x6 ಹಾಳೆಯಲ್ಲೇ ಎರಡು ಅಥವಾ ನಾಲ್ಕು ಸಣ್ಣ ಫೋಟೊ ಬರುವಂತೆ ಹಾಕಿಕೊಡಿ ಅಂತ ಕೇಳಿ. ಮ್ಯಾಟ್ ಕಾಗದ ಇರಲಿ, ಹೊಳೆಯುವ ಕಾಗದದ ಮೇಲೆ ಬೆರಳಿನ ಗುರುತು ಕೂರುತ್ತದೆ. ಹಿಂಬದಿಯಲ್ಲಿ ಊರು, ದಿನಾಂಕವನ್ನು ಮೆದು ಪೆನ್ಸಿಲ್‌ನಲ್ಲಿ ಬರೆಯಿರಿ. ಬಾಲ್ ಪೆನ್ನಿನಲ್ಲಿ ಒತ್ತಿ ಬರೆದರೆ ಮುಂಬದಿಗೆ ಗೀಟು ಮೂಡುತ್ತದೆ.

ಅಂಟಿಸುವುದು

ಗ್ಲೂ ಸ್ಟಿಕ್ ಕಾಗದಕ್ಕೆ, ಎರಡೂ ಬದಿ ಅಂಟುವ ಟೇಪು ರಟ್ಟಿಗೆ. ಬಾಟಲಿಯ ಬಿಳಿ ಗೋಂದಿನಲ್ಲಿ ನೀರಿನಂಶ ಜಾಸ್ತಿ. ತೀರಾ ತೆಳುವಾಗಿ ಹಚ್ಚದಿದ್ದರೆ ಹಾಳೆ ಸುಕ್ಕಾಗುತ್ತದೆ. ಸೆಲೋಟೇಪ್ ಮಾತ್ರ ಬೇಡವೇ ಬೇಡ. ಕೆಲವು ವರ್ಷಕ್ಕೆ ಹಳದಿಯಾಗಿ, ಜಿಡ್ಡು ಬಿಟ್ಟು, ಕೊನೆಗೆ ಟೇಪು ಉದುರಿ ಕಲೆ ಉಳಿಯುತ್ತದೆ. ಮೈದಾ ಅಂಟು ಮಕ್ಕಳಿಗೆ ಕಲಸಲು ಖುಷಿ, ಆದರೆ ಹುಳಕ್ಕೂ ಅದು ಊಟ. ಹುಳ ಬಾರದಿರಲಿ ಅಂತ ಹಿಂದಿನವರು ಅದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಮಕ್ಕಳ ಕೈಗೆ ಸಲ್ಲದು.

ಫೋಟೊಗೆ ಗೋಂದೇ ಬೇಡ, ಮೂಲೆ ಮಾಡಿ. ಹಳೆ ಲಕೋಟೆಯ ಮೂಲೆಯನ್ನು ಒಂದು ಇಂಚಿಗೆ ಓರೆಯಾಗಿ ಕತ್ತರಿಸಿದರೆ ಪುಟ್ಟ ಟೋಪಿ ಸಿಗುತ್ತದೆ. ಫೋಟೊದ ನಾಲ್ಕು ಮೂಲೆಗೂ ಟೋಪಿ ಹಾಕಿ, ಟೋಪಿಯ ಹಿಂಬದಿಗೆ ಮಾತ್ರ ಗೋಂದು ಹಚ್ಚಿ. ಬೇಕಾದಾಗ ಫೋಟೊ ಹೊರಗೆ ತೆಗೆಯಬಹುದು.

ಎಲೆ, ಹೂ ಒಣಗಿಸುವುದಾದರೆ ದಿನಪತ್ರಿಕೆಯ ಮಡಿಕೆಯೊಳಗೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ. ಮೊದಲ ಮೂರು ದಿನ ಪೇಪರ್ ಬದಲಾಯಿಸಿ. ಹತ್ತು ದಿನಕ್ಕೆ ಗರಿಗರಿಯಾಗುತ್ತದೆ. ಬೇವಿನ ಎಲೆ, ಹುಣಸೆ ಎಲೆ, ಹುಲ್ಲು ಚೆನ್ನಾಗಿ ಬರುತ್ತವೆ. ದಾಸವಾಳದಂಥ ರಸ ತುಂಬಿದ ಹೂ ಬೂಷ್ಟು ಹಿಡಿಯುತ್ತದೆ.

ಅಂಟಿಸುವಾಗ ಫೋಟೊ ಓರೆಯಾದರೆ ನಿಮ್ಮ ಕೈ ತಾನಾಗಿ ಮುಂದೆ ಹೋಗುತ್ತದೆ. ತಡೆದುಕೊಳ್ಳಿ. ನನಗೆ ಇದೇ ಎಲ್ಲಕ್ಕಿಂತ ಕಷ್ಟವಾದದ್ದು.

ಎಲ್ಲಿ ಇಡಬೇಕು

ಗಾಜಿನ ಬಾಗಿಲಿನ ಶೋಕೇಸಿನಲ್ಲಿ ಮೇಲಿನ ಅಂತಸ್ತಿಗೆ ಇಟ್ಟರೆ ಯಾರೂ ತೆಗೆಯುವುದಿಲ್ಲ. ಮಕ್ಕಳ ಕೈಗೆ ಎಟಕುವ ಕಡೆ, ಬಿಸಿಲು ಬೀಳದ ಕಡೆ, ಹೊರಗೋಡೆಗೆ ತಾಗದಂತೆ ಮಲಗಿಸಿ ಇಡಿ. ಮಲೆನಾಡು, ಕರಾವಳಿಯವರು ಮಳೆಗಾಲಕ್ಕೆ ಮುಂಚೆ ಮುಚ್ಚಳ ಬಿಗಿಯಾಗಿರುವ ಡಬ್ಬಿಗೆ ಹಾಕಿ, ಹೊಸ ಚಪ್ಪಲಿಯ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿಡಿ. ಪೊಟ್ಟಣ ಪುಟ್ಟ ಮಕ್ಕಳ ಬಾಯಿಗೆ ಹೋಗದ ಹಾಗೆ ಡಬ್ಬಿ ಎತ್ತರದಲ್ಲಿರಲಿ. ಬೆಳ್ಳಿ ಬಣ್ಣದ ಹುಳ ಕಂಡರೆ ಪುಟಪುಟವನ್ನೂ ತಿರುವಿ ಒಣ ಬ್ರಷ್‌ನಿಂದ ಗುಡಿಸಿ, ನೆರಳಲ್ಲಿ ಗಾಳಿಗೆ ಇಟ್ಟು, ಚೆನ್ನಾಗಿ ಒಣಗಿದ ಬೇವಿನ ಸೊಪ್ಪನ್ನು ಬಟ್ಟೆಯ ಚೀಲದಲ್ಲಿ ಹಾಕಿ ಪಕ್ಕಕ್ಕಿಡಿ.

ಪೂರ್ತಿ ಮುಗಿದ ಮೇಲೆ ಒಂದೊಂದು ಪುಟದ ಫೋಟೊವನ್ನೂ ಫೋನಿನಲ್ಲಿ ತೆಗೆದು ಅಜ್ಜಿಗೆ, ಮಾಮನಿಗೆ, ಚಿಕ್ಕಮ್ಮನಿಗೆ ಕಳಿಸಿ. ಪುಸ್ತಕಕ್ಕೆ ಏನಾದರೂ ಆದರೆ ಪ್ರತಿ ಇನ್ನೊಬ್ಬರ ಹತ್ತಿರ ಇರುತ್ತದೆ.

ಪ್ರತಿ ವರ್ಷ ದಸರಾ ರಜೆ ಶುರುವಾದ ದಿನ ನಾವು ಹಳೆಯದನ್ನು ಹೊರಗೆ ತೆಗೆಯುತ್ತೇವೆ. ಬಿಟ್ಟುಕೊಂಡ ಮೂಲೆಗಳನ್ನು ಅಂಟಿಸುತ್ತೇವೆ, ಮಾಸಿದ ಟಿಕೆಟ್‌ನ ಅಂಕಿಯನ್ನು ಪೆನ್ಸಿಲ್‌ನಲ್ಲಿ ತಿದ್ದುತ್ತೇವೆ. ಹೋದ ಸಲ ತೆಗೆದಾಗ ಮಗನಿಗೆ ಓದಲು ಬರುತ್ತಿತ್ತು. ಕೋತಿಯ ಪುಟ ಬಂದಾಗ, ಕೆಳಗಿನ ಎರಡು ಸಾಲನ್ನು ಮೊದಲನೇ ಸಲ ತಾನೇ ಬೆರಳಿಟ್ಟು ಓದಿಕೊಂಡ. ಆಮೇಲೆ ಪುಸ್ತಕ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಅಜ್ಜಿಗೆ ಓದಿ ಹೇಳಿದ.